ಎಸ್‌ಟಿಪಿ ಆಪರೇಟರ್ ತರಬೇತಿ: ಪಾಠಕ್ಕೆ ಹೋಗಿ, ಪ್ಲೇಸ್‌ಮೆಂಟ್ ನಂಬಿ ಹೋಗಬೇಡಿ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳ ಕೊಳಚೆ ನೀರು ಶುದ್ಧ ಮಾಡುವ ಪ್ಲಾಂಟ್‌ಗಳಲ್ಲಿ (ಎಸ್‌ಟಿಪಿ) ಕೆಲಸ ಮಾಡುವವರು, ಮಾಡಬೇಕು ಅಂತಿರುವವರು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ. ತುಮಕೂರು ರಸ್ತೆ ಕಡೆಯ ಒಂದು ತರಬೇತಿ ಕೇಂದ್ರದಲ್ಲಿ ಒಂದು ತಿಂಗಳ ಎಸ್‌ಟಿಪಿ ಆಪರೇಟರ್ ಕೋರ್ಸ್ ಮಾಡಿದೆ. ಹೆಸರು ಬೇಡ. ಯಾವುದೋ ಕಂಪನಿಯ ಸಿಎಸ್‌ಆರ್ ದುಡ್ಡಲ್ಲಿ ನಡೆಯುತ್ತದೆ, ಫೀಸು ಇಲ್ಲ. ನಾನು ಹಿರಿಯೂರು ಕಡೆಯವಳು, ಕೆಮಿಸ್ಟ್ರಿ ತಗೊಂಡು ಬಿ.ಎಸ್ಸಿ. ಮಾಡಿದ್ದೇನೆ. ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನ ಪ್ಲಾಂಟ್ ನೋಡಿಕೊಳ್ಳುತ್ತೇನೆ. ಈ ಕೆಲಸದಲ್ಲಿ ಹೆಂಗಸರು ಕಮ್ಮಿ. ಬ್ಯಾಚಿನಲ್ಲೂ ನಾನೊಬ್ಬಳೇ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ, ಅದೇ ಜಾಸ್ತಿ ಇದೆ. ಪಾಠ ಮಾಡಿದವರು ಪ್ಲಾಂಟ್‌ನಲ್ಲೇ ತಲೆ ನರೆಸಿಕೊಂಡ ಮನುಷ್ಯ. ಮೊದಲ ದಿನವೇ ಪಿಪಿಟಿ ಮುಚ್ಚಿಟ್ಟು ಎಲ್ಲರನ್ನೂ ಕೊಳಚೆ ನೀರಿಗೆ ಗಾಳಿ ಊದುವ ಏರೇಷನ್ ಟ್ಯಾಂಕ್ ಹತ್ತಿರ ಕರೆದುಕೊಂಡು ಹೋದರು. ಒಂದು ಲೀಟರ್ ಸಿಲಿಂಡರಿಗೆ ಟ್ಯಾಂಕಿನ ನೀರು ತುಂಬಿ, ಅಲುಗಾಡಿಸದೆ ಅರ್ಧ ಗಂಟೆ ಬಿಟ್ಟರು. ಕೆಸರು ಕೆಳಗಿಳಿದು 300 ಎಂಎಲ್ ಗೆರೆಯ ಹತ್ತಿರ ನಿಂತಿತು. ಇದೇ ಎಸ್‌ವಿ 30, ಅಂದರೆ 30 ನಿಮಿಷಕ್ಕೆ ಕೆಳಗೆ ಕೂತ ಕೆಸರಿನ ಅಳತೆ. ನಮ್ಮ ಎಷ್ಟೋ ಪ್ಲಾಂಟ್‌ಗಳಲ್ಲಿ ಈ ಸಿಲಿಂಡರ್ ಇರುತ್ತದೆ, ಇನ್‌ಸ್ಪೆಕ್ಷನ್ ದಿನ ಮಾತ್ರ ತೊಳೆದಿಡುತ್ತಾರೆ.

ಆ ಒಂದು ಸಂಖ್ಯೆಯಿಂದ ಎಷ್ಟೆಲ್ಲ ಗೊತ್ತಾಗುತ್ತದೆ ಅಂತ ಅವರು ಇಡೀ ವಾರ ತೋರಿಸಿದರು. 30 ನಿಮಿಷಕ್ಕೆ 300 ಎಂಎಲ್ ಕೆಸರು ಇದೆ, ಎಂಎಲ್‌ಎಸ್‌ಎಸ್ (ಟ್ಯಾಂಕಿನ ನೀರಿನಲ್ಲಿರುವ ಕೆಸರಿನ ಒಣ ತೂಕ) ಲೀಟರಿಗೆ 3000 ಮಿಲಿಗ್ರಾಂ, ಅಂದರೆ 3 ಗ್ರಾಂ ಇದೆ ಅನ್ನಿ. ಭಾಗಿಸಿದರೆ ಒಂದು ಗ್ರಾಂ ಕೆಸರು 100 ಎಂಎಲ್ ಜಾಗ ಹಿಡಿದಿದೆ. ಒಳ್ಳೆಯ ಕೆಸರು. ಅದೇ 3000ಕ್ಕೆ ಸಿಲಿಂಡರಿನಲ್ಲಿ 700 ತೋರಿಸಿದರೆ ಕೆಸರು ಉಬ್ಬಿದೆ, ಕೆಸರು ಕೂರಿಸುವ ಮುಂದಿನ ಟ್ಯಾಂಕ್ ಕ್ಲಾರಿಫೈಯರಿನಲ್ಲಿ ಕೂರುವುದಿಲ್ಲ, ನೀರಿನ ಜೊತೆ ಹೊರಗೆ ಹೋಗುತ್ತದೆ. ಆ ನೀರೇ ಮನೆಗಳ ಫ್ಲಶ್‌ಗೆ ಹೋಗುವುದು. ಆಮೇಲೆ ಫ್ಲಶ್ ಟ್ಯಾಂಕಿನಲ್ಲಿ ವಾಸನೆ ಅಂತ ಮನೆ ಮನೆಯಿಂದ ಫೋನ್. ಆಗ ಜಾಸ್ತಿ ಜನ ಕ್ಲೋರಿನ್ ಸುರಿಯುತ್ತಾರೆ. ಕ್ಲೋರಿನ್ ಏನು ಮಾಡುತ್ತದೆ ಪಾಪ, ತೊಂದರೆ ಇರುವುದು ಎರಡು ಟ್ಯಾಂಕ್ ಹಿಂದೆ.

ನೊರೆ ನೋಡುವುದನ್ನೂ ಹೇಳಿಕೊಟ್ಟರು. ಬಿಳಿ ನೊರೆ ಉಕ್ಕಿ ಬರುತ್ತಿದ್ದರೆ ಟ್ಯಾಂಕಿನಲ್ಲಿ ಕೆಸರು ಸಾಲದು, ಹೊಸ ಪ್ಲಾಂಟ್ ಶುರು ಮಾಡಿದಾಗ ಹೀಗೇ ಇರುತ್ತದೆ. ಕಂದು ಬಣ್ಣದ ದಪ್ಪ, ಜಿಡ್ಡು ನೊರೆ ಆದರೆ ಕೆಸರು ಹಳೆಯದಾಗಿದೆ, ಹೊರಗೆ ತೆಗೆಯಬೇಕು. ಟ್ಯಾಂಕಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಇದ್ದರೆ ಸಾಕು. ಅದಕ್ಕಿಂತ ತುಂಬಾ ಮೇಲಿಟ್ಟರೆ ಸುಮ್ನೆ ಕರೆಂಟ್ ಬಿಲ್ ಏರುತ್ತದೆ, ಪ್ಲಾಂಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕರೆಂಟ್ ತಿನ್ನುವುದು ಗಾಳಿ ಊದುವ ಬ್ಲೋವರೇ ಅಲ್ವಾ. ರಾತ್ರಿ ಬ್ಲೋವರ್ ಪೂರ್ತಿ ಆಫ್ ಮಾಡಿ ಉಳಿತಾಯ ಮಾಡಿದೆವು ಅನ್ನುವ ಅಸೋಸಿಯೇಷನ್‌ನವರಿಗೆ ಯಾರಾದರೂ ಹೇಳಬೇಕು: ಕೆಸರಿನಲ್ಲಿರುವುದು ಜೀವ ಇರುವ ಬ್ಯಾಕ್ಟೀರಿಯಾ. ಅದಕ್ಕೆ ರಾತ್ರಿ ರಜೆ ಇಲ್ಲ.

ಈ ಕೋರ್ಸಿನಲ್ಲಿ ಯಾವುದು ತಪ್ಪಿದರೂ ಸುರಕ್ಷತೆಯ ಪಾಠ ತಪ್ಪಿಸಬೇಡಿ. ಟ್ಯಾಂಕಿಗೆ, ಗುಂಡಿಗೆ ಇಳಿದು ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇರುತ್ತದೆ. ಒಬ್ಬ ಬಿದ್ದ ಅಂತ ಇನ್ನೊಬ್ಬ ಇಳಿಯುತ್ತಾನೆ, ಅವನನ್ನು ಎತ್ತಲು ಮೂರನೆಯವನು. ಒಳಗಿರುವುದು ಹೈಡ್ರೋಜನ್ ಸಲ್ಫೈಡ್. ಕೊಳೆತ ಮೊಟ್ಟೆಯ ವಾಸನೆ ಅಂತ ಎಲ್ಲರಿಗೂ ಗೊತ್ತು. ಆದರೆ 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ ನೂರು) ದಾಟುವ ಹೊತ್ತಿಗೆ ಮೂಗಿಗೆ ವಾಸನೆ ಹಿಡಿಯುವ ಶಕ್ತಿಯೇ ಹೋಗುತ್ತದೆ. 'ಈಗ ವಾಸನೆ ಇಲ್ಲ, ಇಳಿಯಬಹುದು' ಅನ್ನುವವನೇ ಮೊದಲು ಹೋಗುವುದು. ಗ್ಯಾಸ್ ಡಿಟೆಕ್ಟರನ್ನು ದಾರ ಕಟ್ಟಿ ಇಳಿಬಿಟ್ಟು ಮೇಲೆ, ನಡುವೆ, ಕೆಳಗೆ ಮೂರೂ ಕಡೆ ನೋಡಬೇಕು. ಆಮ್ಲಜನಕ ಶೇ 19.5ಕ್ಕಿಂತ ಕಮ್ಮಿ ಇದ್ದರೆ ಇಳಿಯುವ ಮಾತೇ ಇಲ್ಲ. ಟ್ರೈಪಾಡ್, ಹಗ್ಗ, ಮೇಲೆ ಒಬ್ಬ ಕಾವಲು. ಇದನ್ನೆಲ್ಲ ನಮ್ಮ ಕೈಯಲ್ಲೇ ಮಾಡಿಸಿದರು. ರಕ್ಷಣೆ ಕೊಡದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆ ಪ್ರಕಾರ ಅಪರಾಧ. 'ಇಳಿಯಲ್ಲ ಅಂತ ಹೇಳೋ ಹಕ್ಕು ನಿಮಗಿದೆ' ಅಂತ ಮೇಷ್ಟ್ರು ಹೇಳಿದಾಗ ಒಡಿಶಾದ ಹುಡುಗನೊಬ್ಬ ಮತ್ತೊಮ್ಮೆ ಹಿಂದಿಯಲ್ಲಿ ಹೇಳಿಸಿಕೊಂಡ.

ಆದರೆ ಅಭ್ಯಾಸಕ್ಕೆ ಕೊಟ್ಟ ಡಿಟೆಕ್ಟರಿನ ಕ್ಯಾಲಿಬ್ರೇಷನ್ (ಅಳತೆ ಸರಿ ಇದೆಯಾ ಅಂತ ನೋಡಿ ಹೊಂದಿಸುವುದು) ಅವಧಿ ಮುಗಿದು ವರ್ಷ ಕಳೆದಿತ್ತು. ಸ್ಟಿಕ್ಕರ್ ಮೇಲೇ ಬರೆದಿತ್ತು. ಕೇಳಿದೆ. 'ಬರೆದು ಕಳಿಸಿದ್ದೀವಿ ಮೇಡಂ' ಅಂದರು.

ಇನ್ನೊಂದು ಕೊರತೆ ಪುಸ್ತಕದ್ದು. ಕೊಟ್ಟಿದ್ದು ಪೂರ್ತಿ ಇಂಗ್ಲಿಷಿನಲ್ಲಿ. ಬ್ಯಾಚಿನಲ್ಲಿ ಅರ್ಧ ಜನ ಒಡಿಶಾ, ಬಂಗಾಳದವರು, ಉಳಿದವರು ರಾಯಚೂರು, ಕಲಬುರಗಿ ಕಡೆಯವರು. ಮೇಷ್ಟ್ರು ಕನ್ನಡ, ಹಿಂದಿ ಬೆರೆಸಿ ಹೇಗೋ ಸಂಭಾಳಿಸಿದರು. ಅವರು ಬಾಯಲ್ಲಿ ಹೇಳಿದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡೆ. ಆಮೇಲೆ ಕನ್ನಡ ಓದಲು ಬರುವವರೆಲ್ಲ ಅದನ್ನೇ ಜೆರಾಕ್ಸ್ ಮಾಡಿಸಿಕೊಂಡರು.

ಈಗ ಪ್ಲೇಸ್‌ಮೆಂಟ್. ಜಾಹೀರಾತಿನಲ್ಲಿ 'ನೂರಕ್ಕೆ ನೂರು ಉದ್ಯೋಗ ನೆರವು' ಅಂತಿತ್ತು. ನೆರವು ಅಂದರೆ ಒಂದು ವಾಟ್ಸ್ಆ್ಯಪ್ ಗ್ರೂಪ್. ಅದರಲ್ಲಿ ಬರುವುದೆಲ್ಲ ಮೇಂಟೆನೆನ್ಸ್ ಗುತ್ತಿಗೆದಾರರ ಕೆಲಸ. 12 ಗಂಟೆ ಶಿಫ್ಟ್, ಪ್ಲಾಂಟ್ ರೂಮಿನಲ್ಲೇ ವಾಸ, ಸರ್ಟಿಫಿಕೇಟ್ ಇದ್ದರೂ ಇಲ್ಲದಿದ್ದರೂ ಒಂದೇ ಸಂಬಳ. ನಾನು ಒಂದಕ್ಕೆ ಫೋನ್ ಮಾಡಿದರೆ 'ಹಸ್ಬೆಂಡ್ ಒಪ್ತಾರಾ' ಅಂತ ಮೊದಲ ಪ್ರಶ್ನೆ. ಎಸ್‌ವಿ 30 ಗೊತ್ತಾ ಅಂತ ಯಾರೂ ಕೇಳಲಿಲ್ಲ.

ನನಗೆ ಬೇಜಾರಾಗಿದ್ದು ಇಲ್ಲೇ. ನೀರಿಗೆ ಬೇಕಾದ್ದನ್ನೆಲ್ಲ ಕಲಿಸಿದರು, ನೀರು ನೋಡಿಕೊಳ್ಳುವವನಿಗೆ ಬೇಕಾದ್ದನ್ನು ಬಿಟ್ಟರು. ಪಿಎಫ್, ಇಎಸ್‌ಐ ಇದೆಯಾ ಅಂತ ಕೇಳುವುದು ಹೇಗೆ, ಓವರ್‌ಟೈಮ್ ಲೆಕ್ಕ ಹೇಗೆ, ಹೆಪಟೈಟಿಸ್, ಟೆಟನಸ್ ಲಸಿಕೆ ಯಾರು ಹಾಕಿಸಬೇಕು, ಹೆಲ್ಪರ್ ಆಗಿ ಸೇರಿದವನು ಸೂಪರ್‌ವೈಸರ್ ಆಗುವ ದಾರಿ ಯಾವುದು? ಇದಕ್ಕೆ ಸಿಕ್ಕಿದ್ದು ಕೊನೆಯ ದಿನದ ಒಂದು ಸ್ಲೈಡ್. ದಾರಿ ಇಲ್ಲ ಅಂತಲ್ಲ. ಹಸಿರು ಉದ್ಯೋಗಗಳಿಗೆ ಅಂತಲೇ 2015ರಲ್ಲಿ ಸ್ಕಿಲ್ ಕೌನ್ಸಿಲ್ ಫಾರ್ ಗ್ರೀನ್ ಜಾಬ್ಸ್ ಶುರುವಾಗಿದೆ. ಕೊಳಚೆ ನೀರಿನ ಪ್ಲಾಂಟ್ ಹೆಲ್ಪರ್, ಟೆಕ್ನಿಷಿಯನ್ ಅಂತ ಅವರು ಬೇರೆ ಬೇರೆ ಹುದ್ದೆಗೆ ಬೇರೆ ಬೇರೆ ಪಠ್ಯ ಮಾಡಿದ್ದಾರೆ. ಕೇಂದ್ರ ಪರಿಸರ ಸಚಿವಾಲಯದ ಗ್ರೀನ್ ಸ್ಕಿಲ್ ಯೋಜನೆ 2017ರಿಂದ ಇದೆ. ಅನುಭವ ಇದ್ದು ಕಾಗದ ಇಲ್ಲದವರಿಗೆ ಅನುಭವವನ್ನೇ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ವ್ಯವಸ್ಥೆ ಇದೆ. ಹತ್ತು ವರ್ಷ ಪಂಪ್ ತಿರುಗಿಸಿದವರು ನಮ್ಮ ಬ್ಯಾಚಿನಲ್ಲೇ ಇದ್ದರು. ಅವರಿಗೆ ಆರ್‌ಪಿಎಲ್ ಅಂತ ಒಂದಿದೆ ಅನ್ನುವುದೇ ಗೊತ್ತಿರಲಿಲ್ಲ.

ನನಗೆ ಸಂಬಳ ಸ್ವಲ್ಪ ಏರಿತು. ಸರ್ಟಿಫಿಕೇಟಿನಿಂದ ಅಲ್ಲ. ವಾಪಸ್ ಬಂದ ಮೇಲೆ ದಿನಾ ಸಿಲಿಂಡರ್ ಫೋಟೋ ತೆಗೆದು ಲಾಗ್‌ಬುಕ್ಕಿನಲ್ಲಿ ಅಂಟಿಸಿದೆ. ಕೆಸರು ಏರುತ್ತಿರುವುದನ್ನು ಕಮಿಟಿಗೆ ತೋರಿಸಿ, ವರ್ಷದಿಂದ ಕೇಳುತ್ತಿದ್ದ, ಕೆಸರಿನ ನೀರು ಹಿಂಡುವ ಫಿಲ್ಟರ್ ಪ್ರೆಸ್ ಬಟ್ಟೆ ಬದಲಾಯಿಸಿಕೊಂಡೆ. 2024ರ ಬೇಸಿಗೆಯಲ್ಲಿ ಗಿಡಕ್ಕೆ, ಕಾರಿಗೆ ಕುಡಿಯುವ ನೀರು ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ ಮೇಲೆ, ಪ್ಲಾಂಟಿನಲ್ಲಿ ಶುದ್ಧ ಮಾಡಿದ ನೀರೇ ಬೇಕಾಗಿ ನಮ್ಮ ಕಮಿಟಿಯವರಿಗೂ ಪ್ಲಾಂಟ್ ಎಲ್ಲಿದೆ ಅಂತ ಗೊತ್ತಾಗಿತ್ತು. ಲಾಗ್‌ಬುಕ್ ಮುಂದಿಟ್ಟು ಸಂಬಳ ಕೇಳಿದೆ, ಕೊಟ್ಟರು.

ಈಗಾಗಲೇ ಕೆಲಸದಲ್ಲಿ ಇರುವವರು ಹೋಗಿ, ಓನರ್ ಹತ್ತಿರ ಸಂಬಳದ ರಜೆ ಕೇಳಿ ಹೋಗಿ. ಕೆಲಸ ಸಿಗುತ್ತದೆ ಅಂತ ಊರು ಬಿಟ್ಟು ಬರುವವರು, ಹಿಂದಿನ ಬ್ಯಾಚಿನ ನಾಲ್ಕು ಜನರ ನಂಬರ್ ಕೊಡಿ ಅಂತ ಮೊದಲು ಕೇಳಿ. ಮಧ್ಯಾಹ್ನದ ಊಟ ಅಲ್ಲೇ ಸಿಗುತ್ತದೆ, ಸಾರು ಪರವಾಗಿಲ್ಲ. ಹೆಣ್ಣುಮಕ್ಕಳು ಹೋಗುವುದಾದರೆ ಗಂಬೂಟು ನಿಮ್ಮದೇ ಒಯ್ಯಿರಿ. ಅಲ್ಲಿರುವುದೆಲ್ಲ 8ರ ಮೇಲಿನ ಸೈಜು.