ಹುಲ್ಲಿನಲ್ಲಿ ಎದ್ದ ಬಿಳಿ ಅಣಬೆ ಕಿತ್ತು ತರಬೇಡಿ

ಗೋವಾದ ಫೋಂಡಾ ಸುತ್ತಮುತ್ತ ಇರುವ ನಮ್ಮ ಕನ್ನಡದವರು ದಯವಿಟ್ಟು ಇದನ್ನು ಓದಿ. ಹೋದ ವರ್ಷ ಜುಲೈಯಲ್ಲಿ ನಾನು, ಅಮ್ಮ, ನಮ್ಮ ಯಜಮಾನರು ಒಂದೇ ರಾತ್ರಿ ಆಸ್ಪತ್ರೆ ಸೇರಿದೆವು. ನಾನೇ ಕಿತ್ತು ತಂದ ಅಣಬೆಯಿಂದ.

ನಾನು ಹೊಸನಗರದ ಕಡೆಯವಳು. ಅಜ್ಜನ ಹಿಂದೆ ಹುತ್ತ ಹುಡುಕಿಕೊಂಡು ಹೋಗಿ ಅಣಬೆ ಕಿತ್ತೇ ಬೆಳೆದವಳು. ಆ ಹುತ್ತದ ಅಣಬೆಗೆ ಗೋವಾದಲ್ಲಿ ಓಳ್ಮಿ ಅನ್ನುತ್ತಾರೆ. ಗೆದ್ದಲು ನೆಲದೊಳಗೆ ಸಾಕಿಕೊಳ್ಳುವ ಬೂಸ್ಟಿನಿಂದ ಅದು ಏಳಬೇಕು, ಬಟನ್ ಅಣಬೆ ಥರ ಶೆಡ್ಡಿನಲ್ಲಿ ಬೆಳೆಸಲು ಬರುವುದಿಲ್ಲ. ಅದಕ್ಕೇ ಮಳೆಗಾಲದಲ್ಲಿ ಅಷ್ಟು ಬೆಲೆ. ಹೀಗಿರುವಾಗ ಕಾಲೊನಿ ಹಿಂದಿನ ಮೈದಾನದಲ್ಲಿ ಬೆಳ್ಳಗೆ ಕೊಡೆ ಬಿಚ್ಚಿ ನಿಂತದ್ದು ಕಂಡಾಗ ಆಸೆ ಆಯಿತು.

ಅಡಿಯ ಪದರ ಬಿಳಿಯಾಗೇ ಇತ್ತು. ಅಲ್ಲಲ್ಲಿ ಹುಳ ತಿಂದಿತ್ತು. 'ಹುಳ ತಿಂದಿದೆ ಅಂದ್ರೆ ವಿಷ ಇರಲ್ಲ ಬಿಡು' ಅಂದರು ಅಮ್ಮ. ವಿಷವಿದ್ದರೆ ಬಣ್ಣ ತಿರುಗುತ್ತದೆ ಅನ್ನುತ್ತಾರಲ್ಲ, ಹಾಗೆ ಬೆಳ್ಳುಳ್ಳಿ, ಅರಿಶಿನ ಹಾಕಿ ಕುದಿಸಿದೆ, ಬಣ್ಣ ತಿರುಗಲಿಲ್ಲ. ಕಾಯಿ ರುಬ್ಬಿ ಸಾರು ಮಾಡಿದೆ. ರುಚಿಯೂ ಚೆನ್ನಾಗೇ ಇತ್ತು. ಈ ಪರೀಕ್ಷೆಗಳು ಯಾವುವೂ ನಿಜವಲ್ಲ. ಹುಳಕ್ಕೆ ಆಗದ ವಿಷ ನಮಗೆ ಆಗುತ್ತದೆ.

ಎಂಟಕ್ಕೆ ಉಂಡೆವು. ಹತ್ತರ ಹೊತ್ತಿಗೆ ವಾಂತಿ ಶುರು, ಆಮೇಲೆ ಭೇದಿ. ಹನ್ನೆರಡಕ್ಕೆ ಅಮ್ಮನಿಗೆ ಎದ್ದು ನಿಲ್ಲಲು ಆಗಲಿಲ್ಲ. ಮಗಳು ಅಣಬೆ ಮುಟ್ಟುವುದಿಲ್ಲ. ಪಕ್ಕದ ಮನೆ ಬಾಗಿಲು ಬಡಿದವಳು ಅವಳೇ. ಎರಡು ದಿನ ಡ್ರಿಪ್ ಹಾಕಿದರು.

ಬೆಳಿಗ್ಗೆ ಮಗಳು ನೋಡಿದಳು: ಪೇಪರಿನ ಮೇಲೆ ಮಿಕ್ಕಿದ್ದ ಒಂದು ಅಣಬೆಯ ಕೆಳಗೆ ಹಸಿರು ಪುಡಿ ಉದುರಿತ್ತು. ಫೋಟೋ ನೋಡಿದ ಡಾಕ್ಟರು ಕ್ಲೋರೋಫಿಲಮ್ ಅಂದರು. ಹುಲ್ಲುಗಾವಲು, ಲಾನಿನಲ್ಲಿ ಏಳುವ ಜಾತಿ. ಎಳೆಯದಿದ್ದಾಗ ಅಡಿ ಬಿಳಿ, ಬಲಿತ ಮೇಲೆ ಹಸಿರು. ಹುತ್ತದ ಅಣಬೆಯ ಪುಡಿ ತಿಳಿ ಗುಲಾಬಿ. ಹುತ್ತದ ಅಣಬೆಗೆ ನೆಲದೊಳಗೆ ಉದ್ದಕ್ಕೆ ಬೇರಿನಂಥ ಬಾಲ ಇರುತ್ತದೆ, ಎಳೆದರೆ ತುಂಡಾಗುತ್ತದೆ. ನಾನು ಕಿತ್ತದ್ದು ಬುಡ ಸ್ವಲ್ಪ ದಪ್ಪಗಿದ್ದು ಸಲೀಸಾಗಿ ಬಂದಿತ್ತು. ಅಜ್ಜ ತೋರಿಸಿಕೊಟ್ಟದ್ದು ನನಗೆ ಆಗ ನೆನಪಾಗಲೇ ಇಲ್ಲ. ಹಾಗಂತ ಈ ಗುರುತು ನಂಬಿ ಕೀಳಲು ಹೋಗಬೇಡಿ, ಗೊತ್ತಿರುವವರು ಜೊತೆಗಿರಲಿ.

ಡಾಕ್ಟರು ಹೇಳಿದ ಇನ್ನೊಂದು ಮಾತು ನನಗೆ ಈಗಲೂ ನಡುಕ ತರುತ್ತದೆ. ಬೇಗ ವಾಂತಿ ಆದದ್ದೇ ನಮ್ಮ ಪುಣ್ಯವಂತೆ. ಅಮಾನಿಟಾ ಅನ್ನುವ ಗುಂಪಿನ ಕೆಲವು ವಿಷದ ಅಣಬೆ ತಿಂದರೆ ಆರು ತಾಸಿಗೂ ಹೆಚ್ಚು ಏನೂ ಗೊತ್ತಾಗಲ್ಲ. ವಾಂತಿ ಭೇದಿ ಆಗಿ ನಿಂತು, ವಾಸಿಯಾಯಿತು ಅನ್ನುವಷ್ಟರಲ್ಲಿ ಲಿವರ್ ಹೋಗಿರುತ್ತದೆ. ಎಷ್ಟು ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಅಣಬೆ ತಿಂದು ಹೊಟ್ಟೆ ಕೆಟ್ಟರೆ ಮನೆಮದ್ದು ಮಾಡುತ್ತ ಕೂರಬೇಡಿ. ಮಿಕ್ಕಿದ್ದನ್ನು ಪೇಪರಿನಲ್ಲಿ ಸುತ್ತಿಕೊಂಡು, ಎಷ್ಟು ಗಂಟೆಗೆ ತಿಂದದ್ದು ಅಂತ ನೆನಪಿಟ್ಟು ಆಸ್ಪತ್ರೆಗೆ ಓಡಿ.

ಮೊನ್ನೆ ಮಳೆಗೆ ಅದೇ ಮೈದಾನದಲ್ಲಿ ಮತ್ತೆ ಎದ್ದಿವೆ. ಕೆಲಸಕ್ಕೆಂದು ಊರಿಂದ ಹೊಸದಾಗಿ ಬಂದವರು ಚೀಲ ಹಿಡಿದು ನಿಂತದ್ದು ಕಂಡೆ. ಅವರಿಗೆ ಹೇಳಿ ಬಂದಿದ್ದೇನೆ, ನಿಮ್ಮ ಕಡೆ ಕಂಡರೆ ನೀವೂ ಹೇಳಿ.