ಬಂಗುಡೆಗೊಂದು ಶುಗರ್ ಮೀಟರ್: ಮೂರು ಸೀಸನ್ ಬಳಸಿದ ಮೇಲೆ

ಮಲ್ಪೆಯಿಂದ ಬೆಂಗಳೂರಿನ ಹೋಟೆಲುಗಳಿಗೆ ಮೀನು ಕಳಿಸುವುದು ನನ್ನ ಕೆಲಸ. ಮೀನು ನೋಡಲು ಒಂದು ಬಯೋಸೆನ್ಸರ್ ಮೀಟರ್ ತಗೊಂಡು ಮೂರು ಸೀಸನ್ ಆಯಿತು. ಕಂಪನಿಯ ಹೆಸರು ಹಾಕುವುದಿಲ್ಲ, ಬೈಯುವುದೂ ಸ್ವಲ್ಪ ಇದೆ.

ಮೊದಲೇ ಹೇಳಿಬಿಡುತ್ತೇನೆ. ಮೂಗಿಗೆ ಗೊತ್ತಾಗುವ ವಿಷಯಕ್ಕೆ ಈ ಮೀಟರ್ ದಂಡ. ಕಿವಿರು ಎತ್ತಿದರೆ, ಹೊಟ್ಟೆ ಒತ್ತಿದರೆ ಹಳಸಿದ ಮೀನು ತಾನೇ ಹೇಳುತ್ತದೆ. ನಾನು ತಗೊಂಡ ಮೀಟರ್ ಅಳೆಯುವುದು ಹಿಸ್ಟಮಿನ್ ಒಂದನ್ನೇ. ಬಂಗುಡೆ, ಬೂತಾಯಿ, ಕೇದರ (ಟ್ಯೂನಾ) ಇಂಥ ಮೀನಿನ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಜಾಸ್ತಿ. ಹಿಡಿದ ಮೇಲೆ ಐಸ್ ಕಾಣದೆ ಬಿಸಿಲಿಗೆ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನೇ ಹಿಸ್ಟಮಿನ್ ಮಾಡಿಬಿಡುತ್ತವೆ. ಇದಕ್ಕೆ ವಾಸನೆ ಇಲ್ಲ. ಆಮೇಲೆ ಐಸ್ ಸುರಿದರೂ, ಕರುಂ ಕುರುಂ ಅನ್ನುವಂತೆ ಹುರಿದರೂ ಹೋಗುವುದಿಲ್ಲ. ತಿಂದವರ ಮುಖ ಕೆಂಪಾಗುತ್ತದೆ, ಮೈ ತುರಿಸುತ್ತದೆ, ತಲೆ ಸಿಡಿಯುತ್ತದೆ. ಅಲರ್ಜಿ ಅಂದುಕೊಂಡು ಮೀನನ್ನೇ ಬಿಟ್ಟವರೂ ಇದ್ದಾರೆ.

ಕೆಲಸ ಮಾಡುವ ರೀತಿ ಮನೆಯ ಶುಗರ್ ಮೀಟರಿನದ್ದೇ. 1962ರಲ್ಲಿ ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ ಸಕ್ಕರೆ ಅಳೆಯಲು ಎಂಜೈಮ್ ಮತ್ತು ಎಲೆಕ್ಟ್ರೋಡ್ ಜೋಡಿಸಿದ್ದರಲ್ಲ, ಅದೇ ಉಪಾಯ. ಸ್ಟ್ರಿಪ್ಪಿನ ತುದಿಯಲ್ಲಿ ಎಂಜೈಮ್ ಇರುತ್ತದೆ. ಹಿಸ್ಟಮಿನ್ ತಾಗಿದರೆ ಚೂರು ಕರೆಂಟ್ ಹರಿಯುತ್ತದೆ, ಮೀಟರಿನಲ್ಲಿ ನಂಬರ್ ಬರುತ್ತದೆ. ವ್ಯತ್ಯಾಸ ಏನೆಂದರೆ ಬಂಗುಡೆಯ ಬೆರಳು ಚುಚ್ಚಲು ಆಗುವುದಿಲ್ಲ! ಮಾಂಸ ಕತ್ತರಿಸಿ, ತೂಕ ಮಾಡಿ, ನುಣ್ಣಗೆ ಅರೆದು, ನೀರಲ್ಲಿ ಕಲಸಿ, ಸೋಸಿ, ಆಮೇಲೆ ಒಂದು ಹನಿ. ಡಬ್ಬದ ಮೇಲೆ ಎರಡು ನಿಮಿಷ ಅಂತ ಬರೆದಿದೆ. ಅದು ಹನಿ ಬಿಟ್ಟ ಮೇಲಿನ ಲೆಕ್ಕ. ಬೆಳಗ್ಗೆ ದಕ್ಕೆಯಲ್ಲಿ (ಬೋಟು ಮೀನು ಇಳಿಸುವ ಜಾಗ), ಲೋಡ್ ಆಗುವ ಗಲಾಟೆಯಲ್ಲಿ, ಒಂದು ಮೀನಿಗೆ ಹದಿನೈದು ನಿಮಿಷ ಇಟ್ಟುಕೊಳ್ಳಿ.

ಮೊದಲ ಸೀಸನ್ನಿನ ನವೆಂಬರಿನಲ್ಲಿ ಒಂದು ಬೋಟಿನಿಂದ ನಲವತ್ತು ಕ್ರೇಟ್ ಬಂಗುಡೆ ತಗೊಂಡೆ. ಎರಡು ಮೀನು ಟೆಸ್ಟ್ ಮಾಡಿದೆ. ಕಿಲೋಗೆ 24 ಮಿಲಿಗ್ರಾಂ, 28 ಮಿಲಿಗ್ರಾಂ. ಖುಷಿಯಿಂದ ಕಳಿಸಿದೆ. ಮರುದಿನ ಸಂಜೆ ಒಂದು ಹೋಟೆಲಿನಿಂದ ಫೋನು. ಬಂಗುಡೆ ತಿಂದ ಅಡುಗೆಯ ಹುಡುಗರಿಗೇ ಮುಖ ಕೆಂಪಾಗಿದೆ. ನನ್ನಲ್ಲಿ ಉಳಿದಿದ್ದ ಮೀನು ತೆಗೆದು ಮತ್ತೆ ನೋಡಿದೆ. ಒಂದರಲ್ಲಿ 31, ಪಕ್ಕದ ಕ್ರೇಟಿನದ್ದರಲ್ಲಿ 340. ಎರಡನ್ನೂ ಕೈಯಲ್ಲಿ ಹಿಡಿದು ನೋಡಿದೆ, ಯಾವುದು ಯಾವುದೆಂದು ಹೇಳಲು ಆಗಲಿಲ್ಲ. ಬೋಟು ನಡೆಸುವ ತಂಡೇಲರನ್ನು ಕೇಳಿದರೆ, "ಕಣ್ಣು ನೋಡಿ ಮಾರಾಯ್ರೆ, ಗಾಜಿನ ಹಾಗೆ ಉಂಟು" ಅಂದರು. ಕಣ್ಣು ಹಾಗೇ ಇತ್ತು, ಸುಳ್ಳಲ್ಲ. ಸ್ವಲ್ಪ ಹೊತ್ತು ಬಿಟ್ಟು, ಕೊನೆಯ ಬಲೆ ಎಳೆಯುವಾಗ ಐಸ್ ಮುಗಿದಿತ್ತು, ಅದಷ್ಟೂ ಡೆಕ್ಕಿನ ಮೇಲೇ ಇತ್ತು ಅಂತ ಅವರೇ ಹೇಳಿದರು.

ತಪ್ಪು ಮೀಟರಿನದ್ದಲ್ಲ, ನನ್ನದು. ಒಂದೇ ಲಾಟಿನಲ್ಲಿ ಮೀನಿಂದ ಮೀನಿಗೆ ಇಷ್ಟು ವ್ಯತ್ಯಾಸ ಇರುತ್ತದೆ ಅಂತಲೇ ಯುರೋಪಿನ ನಿಯಮ ಒಂದು ಲಾಟಿಗೆ ಒಂಬತ್ತು ಸ್ಯಾಂಪಲ್ ಕೇಳುತ್ತದೆ. ಸರಾಸರಿ 100 ದಾಟಬಾರದು, ಎರಡಕ್ಕಿಂತ ಜಾಸ್ತಿ ಮೀನು 100ರಿಂದ 200ರ ನಡುವೆ ಇರಬಾರದು, ಒಂದೂ 200 ಮೀರಬಾರದು. ಒಂಬತ್ತು ಸ್ಟ್ರಿಪ್ ಅಂದರೆ ಒಂಬತ್ತು ಮೀನೂಟದ ದುಡ್ಡು! ಅದಕ್ಕೆ ಈಗ ಎರಡೆರಡು ಮೀನಿನ ಮಾಂಸ ಸಮ ತೂಕದಲ್ಲಿ ಸೇರಿಸಿ ಅರೆಯುತ್ತೇನೆ. ಒಂದು ಮೀನಿಗೆ ನನ್ನ ಗಡಿ 50. ಒಳ್ಳೆಯದರ ಜೊತೆ ಸೇರಿದರೆ ಕೆಟ್ಟ ಮೀನಿನ ನಂಬರ್ ಅರ್ಧಕ್ಕೆ ಇಳಿಯಬಹುದು, ಹಾಗಾಗಿ ಸೇರಿಸಿದ್ದಕ್ಕೆ 25. ಅದು ದಾಟಿದರೆ ಬೇರೆ ಬೇರೆ ನೋಡುವುದು. ಮೂರು ಮೀನು ಸೇರಿಸಿದರೆ ಗಡಿ 17ಕ್ಕೆ ಇಳಿಯುತ್ತದೆ. ಆದರೆ 20ರ ಕೆಳಗೆ ನನ್ನ ಮೀಟರ್ ಮನಸ್ಸಿಗೆ ಬಂದದ್ದು ಹೇಳುತ್ತದೆ, ಹಾಗಾಗಿ ಆ ಆಸೆ ಬಿಟ್ಟೆ. ಕ್ರೇಟ್ ಆರಿಸುವಾಗ ಕೊನೆಯ ಬಲೆಯದ್ದು ಯಾವುದೆಂದು ಮೊದಲು ಕೇಳುತ್ತೇನೆ. ನಿಜ ಹೇಳಬೇಕೆಂದರೆ ಆ ಒಂದು ಪ್ರಶ್ನೆಗೇ ಅರ್ಧ ಕೆಲಸ ಮುಗಿಯುತ್ತದೆ.

ನಂಬರ್ ಎಷ್ಟು ಸರಿ? ಆರು ಸಲ ಲ್ಯಾಬಿಗೂ ಕಳಿಸಿ ನೋಡಿದೆ. ಒಳ್ಳೆಯ ಮೀನಿನಲ್ಲಿ ಎರಡೂ ಹತ್ತಿರ ಹತ್ತಿರ ಬಂದವು. ಪೂರ್ತಿ ಹಾಳಾದ ಮೀನಿನಲ್ಲಿ ಮೀಟರ್ ಜಾಸ್ತಿ ತೋರಿಸಿತು. ಇದರ ಎಂಜೈಮ್ ಕೊಳೆತ ಮೀನಿನಲ್ಲಿ ಹುಟ್ಟುವ ಪುಟ್ರೆಸಿನ್, ಕಡಾವರಿನ್ ಎಂಬ ರಾಸಾಯನಿಕಗಳಿಗೂ ಸ್ಪಂದಿಸುತ್ತದಂತೆ. ಇರಲಿ, ಅಂಥ ಮೀನನ್ನು ಯಾರು ಟೆಸ್ಟ್ ಮಾಡುತ್ತಾರೆ?

ಗಿರಾಕಿಗಳು ಕೇಳುವುದು ಮಾತ್ರ ಮೀನು ಕೆಡದಂತೆ ಕೆಲವರು ಹಾಕುವ ಫಾರ್ಮಲಿನ್ ಬಗ್ಗೆ. ಈ ಮೀಟರಿಗೆ ಅದು ಗೊತ್ತಾಗುವುದಿಲ್ಲ. ಅದಕ್ಕೆ ಕೊಚ್ಚಿಯ ಸಿಐಎಫ್‌ಟಿಯವರು (ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ) ಮಾಡಿದ ಬಣ್ಣ ಬದಲಾಗುವ ಕಾಗದದ ಕಿಟ್ ಬೇರೆ ಇಟ್ಟಿದ್ದೇನೆ. ಅದು ಅಗ್ಗ, ಸುಲಭ. ಸಿಗಡಿಗೂ, ಬೊಂಡಾಸಿಗೂ (ಸ್ಕ್ವಿಡ್) ಈ ಮೀಟರ್ ತರಬೇಡಿ. ಅವುಗಳಲ್ಲಿ ಹಿಸ್ಟಮಿನ್ ತಲೆನೋವು ಇಲ್ಲ.

ಇನ್ನು ಬೈಗುಳ. ಸ್ಟ್ರಿಪ್ ಫ್ರಿಜ್ಜಿನಲ್ಲೇ ಇರಬೇಕು. ಹೊರಗೆ ತೆಗೆದು ತಣ್ಣಗಿರುವಾಗಲೇ ಡಬ್ಬ ಬಿಚ್ಚಿದರೆ ನಮ್ಮ ಕರಾವಳಿಯ ಗಾಳಿಗೆ ಒಳಗೆಲ್ಲ ಬೆವರು, ಇಡೀ ಡಬ್ಬ ಹಾಳು. ನಾನು ಹೀಗೆ ಎರಡು ಡಬ್ಬ ಕಳೆದೆ. ಈ ಮಾತು ಪುಸ್ತಕದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿದೆ. ಮಾರಿದವರು ಮೊದಲ ಮೂರು ತಿಂಗಳು ದಿನಾ ಫೋನ್ ಮಾಡುತ್ತಿದ್ದರು, ಈಗ ನಾನು ಮಾಡಿದರೂ ಎತ್ತುವುದಿಲ್ಲ. ಎಣ್ಣೆ ಜಾಸ್ತಿ ಇರುವ ಬೂತಾಯಿಯಲ್ಲಿ ಎರಡು ಸಲ ಸೋಸದಿದ್ದರೆ ನಂಬರ್ ಕುಣಿಯುತ್ತದೆ.

ಇದನ್ನು ಬರೆಯುವಾಗ ಜೂನ್ ಎರಡನೇ ವಾರ. ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ರಜೆ, ಮೀಟರಿನ ಬ್ಯಾಟರಿ ತೆಗೆದಿಟ್ಟಿದ್ದೇನೆ. ಹೋದ ವರ್ಷ ಡಿಸ್ಕೌಂಟ್ ಅಂತ ಮೇ ತಿಂಗಳಲ್ಲಿ ನಾಲ್ಕು ಡಬ್ಬ ಸ್ಟ್ರಿಪ್ ತರಿಸಿ, ಆಗಸ್ಟಿನಲ್ಲಿ ತಾರೀಕು ನೋಡಿ ಮೂರನ್ನು ಎಸೆದೆ. ಈ ಸಲ ಎರಡೇ ಡಬ್ಬ, ಅದೂ ಬೋಟು ನೀರಿಗಿಳಿದ ಮೇಲೆ.