'ಪರಿಸರಸ್ನೇಹಿ' ಬೀರು ಅಂತ 38,000 ಕೊಟ್ಟೆ, ನೀವು ಮೋಸ ಹೋಗಬೇಡಿ

ಬೇಸಿಗೆಯಲ್ಲಿ ಶಿವಮೊಗ್ಗದ ಒಂದು ಅಂಗಡಿಯಲ್ಲಿ ಬಟ್ಟೆ ಬೀರು ತೆಗೆದುಕೊಂಡೆ. 38,000 ರೂಪಾಯಿ. ಬಾಗಿಲಿಗೆ ಹಸಿರು ಎಲೆಯ ಸ್ಟಿಕ್ಕರ್, 'ಪರಿಸರಸ್ನೇಹಿ' ಅಂತ. ಪೂರ್ತಿ ಮರಾನಾ ಅಂತ ಕೇಳಿದೆ. ಎರಡು ಸಲ ಕೇಳಿದೆ. "ಮರಾನೇ ಮೇಡಂ. ತೋಟದಲ್ಲಿ ಬೆಳೆಸಿದ್ದು, ಕಾಡು ಕಡಿದಿದ್ದಲ್ಲ" ಅಂದರು. ನಾನು ತೀರ್ಥಹಳ್ಳಿ ಕಡೆಯವಳು, ಕಣ್ಣೆದುರೇ ಕಾಡು ಬೋಳಾಗಿದ್ದನ್ನು ನೋಡಿದವಳು. ಆ ಮಾತಿಗೇ ಸೋತೆ. ಅಜ್ಜನ ಕಾಲದ ಹಲಸಿನ ಬೀರು ಗುಜರಿಗೆ ಕೊಟ್ಟು ಇದನ್ನು ತಂದೆ.

ಬಂದ ದಿನದಿಂದ ಬಾಗಿಲು ತೆಗೆದರೆ ಕಣ್ಣು ಉರಿ. "ಹೊಸದಲ್ವಾ, ವಾರದಲ್ಲಿ ವಾಸನೆ ಹೋಗುತ್ತೆ" ಅಂದರು ಅಂಗಡಿಯವರು. ಹೋಗಲಿಲ್ಲ. ಜುಲೈಯಲ್ಲಿ ಮಳೆ ಹಿಡಿಯಿತು. ವಾಸನೆ ಇನ್ನೂ ಜಾಸ್ತಿಯಾಯಿತು, ಬುಡ ಊದಿತು, ಬಾಗಿಲು ಜೋತುಬಿತ್ತು. ನಮ್ಮ ಆಚಾರ್ರನ್ನು ಕರೆಸಿದೆ. ಅವರು ಹಿಂಜ್ ಬಿಚ್ಚಿದರು. ತೂತಿನಿಂದ ಹೊಟ್ಟು ಉದುರಿತು. ಒಂದು ಹಿಡಿ ಹೊಟ್ಟು, ನೆಲದ ಮೇಲೆ. "ಅಕ್ಕ, ಇದು ಪಾರ್ಟಿಕಲ್ ಬೋರ್ಡು, ಮರದ ಚೂರಿಗೆ ಅಂಟು ಹಾಕಿ ಒತ್ತಿದ ಹಲಗೆ. ಮೇಲಿರೋದು ಮರದ ಚಿತ್ರದ ಕಾಗದ." ಅತ್ತೆ ಪಕ್ಕದಲ್ಲೇ ನಿಂತಿದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಅಂಗಡಿಗೆ ಫೋನ್ ಮಾಡಿದೆ. "ಹೊಟ್ಟೂ ಮರದ್ದೇ ಅಲ್ವಾ ಮೇಡಂ?" ಮತ್ತೆ ಮಾಡಿದೆ. "ಚೂರು ಬಳಸಿದ್ರೆ ಮರ ಉಳಿಯುತ್ತೆ, ಅದಕ್ಕೇ ಪರಿಸರಸ್ನೇಹಿ." ಮೂರನೇ ಸಲ, "ನಿಮ್ಮ ಗೋಡೇಲಿ ತೇವ ಇದೆ, ನಾವೇನು ಮಾಡೋಣ?" ಮಲೆನಾಡಿನ ಮಳೆಗಾಲದಲ್ಲಿ ತೇವ ಇಲ್ಲದ ಗೋಡೆ ಎಲ್ಲಿದೆ? ಇದೇ ಊರಲ್ಲಿ ಕೂತು ಮಾರುವವರಿಗೆ ಅದು ಗೊತ್ತಿಲ್ವಾ?

ಚೂರು ಮರದ ಹಲಗೆಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಮರ ಅಂತ ಸುಳ್ಳು ಹೇಳಿದ್ದು ತಪ್ಪು, ಅಂಟಿನ ವಿಷಯ ಮುಚ್ಚಿಟ್ಟಿದ್ದು ತಪ್ಪು. ಇಂಥ ಹಲಗೆಗೆ ಹೆಚ್ಚಾಗಿ ಹಾಕುವುದು ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು. ಸೆಕೆ, ತೇವ ಜಾಸ್ತಿಯಾದಷ್ಟೂ ಅದರಿಂದ ಫಾರ್ಮಾಲ್ಡಿಹೈಡ್ ಅನ್ನುವ ಕಣ್ಣುರಿಸುವ ಅನಿಲ ಹೆಚ್ಚು ಹೊರಗೆ ಬರುತ್ತದೆ. ಅದು ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಕಡಿಮೆ ಬಿಡುವ ಹಲಗೆಗೆ ಇ1, ಇ0 ಅಂತ ದರ್ಜೆ ಇದೆ. ನನ್ನದು ಯಾವುದು ಅಂತ ಕೇಳಿದರೆ "ಒಳ್ಳೇ ಕ್ವಾಲಿಟಿ" ಅಂದು ಫೋನ್ ಇಟ್ಟರು.

ಎಲೆ ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು. ಜವಾಬ್ದಾರಿಯಿಂದ ನೋಡಿಕೊಂಡ ಕಾಡಿನ ಮರಕ್ಕೆ ಕೊಡುವ ಎಫ್‌ಎಸ್‌ಸಿ ಗುರುತಾದರೆ ಅದರ ಜೊತೆ ಒಂದು ನಂಬರ್ ಇರುತ್ತದೆ, ಆನ್‌ಲೈನ್‌ನಲ್ಲಿ ಹುಡುಕಿ ನೋಡಿ. ಯಾವ ಮರ, ಯಾವ ದರ್ಜೆ ಅಂತ ಬಿಲ್ಲಿನಲ್ಲೇ ಬರೆಸಿ. ಬರೆಯಲ್ಲ ಅಂದರೆ ಎದ್ದು ಬನ್ನಿ. ಮೊನ್ನೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂತ ಬಿಲ್ಲು ತೆಗೆದೆ. ಅದರಲ್ಲಿ 'ವಾರ್ಡ್‌ರೋಬ್ 1' ಅಂತ ಮಾತ್ರ ಇದೆ. ಮರ ಅನ್ನುವ ಪದವೇ ಇಲ್ಲ.